ಗುರುತು ಹಾಕಿದ ಗೋಡೆಯೆಲ್ಲ ಬೀಳುವುದಿಲ್ಲ

ಪುಟ್ಟಿ,

ಎಲೆಕ್ಟ್ರಾನಿಕ್ ಸಿಟಿಯಲ್ಲಿ ನಿನಗೆ ಕೆಲಸ ಸಿಕ್ಕಿದ್ದನ್ನು ನಿನ್ನಮ್ಮ ನೆಂಟರಿಷ್ಟರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಏನು ಕೆಲಸ ಅಂತ ಕೇಳಿದವರಿಗೆ ಮಾತ್ರ "ಕಂಪ್ಯೂಟರಿನಲ್ಲಿ ರಕ್ತದ ಕ್ಯಾನ್ಸರ್ ನೋಡೋದಂತೆ" ಅನ್ನುತ್ತಾಳೆ. ಅವಳು ಹೇಳುವುದು ತಪ್ಪೇನಲ್ಲ. ಲ್ಯುಕೇಮಿಯಾ ಕೋಶಗಳ ಎಚ್3ಕೆ27ಎಸಿ ಡೇಟಾ ಕೊಟ್ಟು, ಎನ್‌ಹ್ಯಾನ್ಸರ್‌ಗಳ ಪಟ್ಟಿ ಮಾಡು ಅಂದಿದ್ದಾರೆ ಅಂತ ನೀನು ಬರೆದಿದ್ದೆಯಲ್ಲ, ಅದನ್ನು ಓದಿದ ಮೇಲೆ ಈ ದೊಡ್ಡಮ್ಮನಿಗೆ ಸುಮ್ಮನಿರಲಾಗಲಿಲ್ಲ. ಹೊಸೂರು ರಸ್ತೆಯ ಲ್ಯಾಬುಗಳಲ್ಲೇ ತಲೆ ನರೆಸಿಕೊಂಡವಳು ನಾನು. ಕೇಳದೆ ಹೇಳುವ ಬುದ್ಧಿಮಾತು ಯಾರಿಗೂ ರುಚಿಸುವುದಿಲ್ಲ, ಗೊತ್ತು. ಆದರೂ ಕೇಳು.

ನಿನ್ನ ಜೊತೆಯವರು ಎಲೆಕ್ಟ್ರಾನಿಕ್ ಸಿಟಿ ಅಂದರೆ ಕೋಡು, ಪೀಣ್ಯ ಅಂದರೆ ಲೇತು, ವೈಟ್‌ಫೀಲ್ಡ್ ಅಂದರೆ ಟ್ರಾಫಿಕ್ಕು ಅಂದುಕೊಂಡಿರುತ್ತಾರೆ. ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಆರ್.ಕೆ. ಬಾಳಿಗರ ಕನಸಿನಂತೆ ಕಿಯೋನಿಕ್ಸ್ ಈ ಊರು ಕಟ್ಟಲು ಹೊರಟಾಗ ಜೀವಕೋಶದ ಮಾತು ಯಾರ ತಲೆಯಲ್ಲೂ ಇರಲಿಕ್ಕಿಲ್ಲ. ಈಗ ನೋಡು. ರಾಜ್ಯ ಸರ್ಕಾರದ ನೆರವಿನ ಐಬಿಎಬಿ ಎಂಬ ಬಯೋಇನ್ಫರ್ಮ್ಯಾಟಿಕ್ಸ್ ಸಂಸ್ಥೆ 2001ರಲ್ಲಿ ವೈಟ್‌ಫೀಲ್ಡಿನ ಐಟಿಪಿಎಲ್‌ನಲ್ಲಿ ಹುಟ್ಟಿ, ಆಮೇಲೆ ನಿನ್ನ ಪಕ್ಕದ ಬಯೋಟೆಕ್ ಪಾರ್ಕಿಗೆ ಬಂದು ಕೂತಿದೆ. ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ 2002ರಿಂದ ಐಟಿಪಿಎಲ್‌ನಲ್ಲೇ ಇದೆ. ಬೊಮ್ಮಸಂದ್ರದ ನಾರಾಯಣ ಹೆಲ್ತ್ ಸಿಟಿಯ ಆವರಣದಲ್ಲಿ ಅಸ್ಥಿಮಜ್ಜೆ ಕಸಿ ಮಾಡುವ ವಾರ್ಡೂ ಇದೆ, ಮೆಡ್‌ಜೀನೋಮ್‌ನ ಸೀಕ್ವೆನ್ಸಿಂಗ್ ಯಂತ್ರಗಳೂ ಇವೆ. ರೋಗಿ, ರೋಗಿಯ ರಕ್ತ, ಆ ರಕ್ತದ ಅಕ್ಷರ ಓದುವ ಯಂತ್ರ, ಓದಿದ್ದನ್ನು ಅರ್ಥ ಮಾಡಿಕೊಳ್ಳುವ ನಿನ್ನಂಥವರು, ಎಲ್ಲ ಹಳದಿ ಮಾರ್ಗದ ಮೆಟ್ರೋದ ನಾಲ್ಕೈದು ಸ್ಟೇಷನ್ನುಗಳ ಒಳಗೇ. ಅದಕ್ಕೇ ಹೇಳುತ್ತೇನೆ, ಸ್ಕ್ರೀನಿನ ಮೇಲಿನದು ಬರೀ ಡೇಟಾ ಅಂತ ಎಣಿಸಬೇಡ.

ನೀನು ಕಂಪ್ಯೂಟರ್ ಸೈನ್ಸ್ ಓದಿದವಳು. ಜೀವಶಾಸ್ತ್ರವನ್ನು ಪಿಯುಸಿಯಲ್ಲೇ ಬಿಟ್ಟೆ. ಆದ್ದರಿಂದ ಸ್ವಲ್ಪ ಬುಡದಿಂದ ಹೇಳುತ್ತೇನೆ.

ಒಂದೊಂದು ಕೋಶದಲ್ಲೂ ಸುಮಾರು ಎರಡು ಮೀಟರ್ ಉದ್ದದ ಡಿಎನ್ಎ ಇದೆ. ಅದು ಇರಬೇಕಾದ ಕೋಶಕೇಂದ್ರ ಮಿಲಿಮೀಟರಿನ ನೂರರಲ್ಲೊಂದು ಭಾಗಕ್ಕಿಂತಲೂ ಚಿಕ್ಕದು. ಹಾಗಾಗಿ ಡಿಎನ್ಎ ಹಿಸ್ಟೋನ್ ಎಂಬ ಪ್ರೋಟೀನುಗಳ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ಒಂದು ಉಂಡೆಯಲ್ಲಿ ಎಂಟು ಹಿಸ್ಟೋನ್‌ಗಳು. ಅದರ ಸುತ್ತ ಡಿಎನ್ಎಯ 147 ಅಕ್ಷರ, ಒಂದೂಮುಕ್ಕಾಲು ಸುತ್ತಿಗೆ ತುಸು ಕಡಿಮೆ. ಉಂಡೆಯಿಂದ ಹಿಸ್ಟೋನ್‌ಗಳ ಬಾಲಗಳು ಹೊರಗೆ ಚಾಚಿಕೊಂಡಿರುತ್ತವೆ. ಕೋಶದ ಕಿಣ್ವಗಳು ಗುರುತು ಹಾಕುವುದು ಆ ಬಾಲಗಳ ಮೇಲೆ. ಎಚ್3 ಎಂಬ ಹಿಸ್ಟೋನ್‌ನ ಬಾಲದಲ್ಲಿ 27ನೇ ಜಾಗದಲ್ಲಿ ಲೈಸಿನ್ ಇದೆ. ಅದಕ್ಕೆ ಅಸಿಟೈಲ್ ಗುಂಪು ಅಂಟಿದರೆ ಅದೇ ನಿನ್ನ ಎಚ್3ಕೆ27ಎಸಿ. ಅಂಟಿಸುವುದು ಮುಖ್ಯವಾಗಿ ಪಿ300 ಮತ್ತು ಸಿಬಿಪಿ ಎಂಬ ಜೋಡಿ ಕಿಣ್ವಗಳು. ಕಿತ್ತುಹಾಕುವುದು ಎಚ್‌ಡಿಎಸಿಗಳು. ಬಿಆರ್‌ಡಿ4ನಂಥ ಪ್ರೋಟೀನುಗಳು ಅಸಿಟೈಲ್ ಕಂಡಲ್ಲಿ ಹೋಗಿ ಕೂತು, ಜೀನ್ ಓದುವ ಯಂತ್ರವನ್ನು ಮುಂದಕ್ಕೆ ತಳ್ಳುತ್ತವೆ. ಅದೇ 27ನೇ ಲೈಸಿನ್‌ಗೆ ಮೂರು ಮಿಥೈಲ್ ಗುಂಪು ಅಂಟಿದರೆ ಕತೆ ಉಲ್ಟಾ, ಆ ಜಾಗ ಮುಚ್ಚಿಕೊಳ್ಳುತ್ತದೆ. ಒಂದೇ ಬಾಲದ ಆ ಜಾಗದಲ್ಲಿ ಎರಡೂ ಏಕಕಾಲಕ್ಕೆ ಇರಲಾರವು.

ಇನ್ನು ಎನ್‌ಹ್ಯಾನ್ಸರ್. ಜೀನ್ ಶುರುವಾಗುವಲ್ಲಿ ಪ್ರೊಮೋಟರ್ ಇರುತ್ತದೆ, ಅದು ನಿನಗೆ ಗೊತ್ತು. ಆದರೆ ಯಾವ ಕೋಶದಲ್ಲಿ, ಯಾವಾಗ, ಎಷ್ಟು ಜೋರಾಗಿ ಆ ಜೀನ್ ಓದಿಸಿಕೊಳ್ಳಬೇಕು ಎನ್ನುವುದನ್ನು ಬಹುಪಾಲು ತೀರ್ಮಾನಿಸುವುದು ದೂರದ ಎನ್‌ಹ್ಯಾನ್ಸರ್. ಡಿಎನ್ಎ ಮಡಿಚಿಕೊಂಡು ಅದು ಪ್ರೊಮೋಟರಿನ ಹತ್ತಿರಕ್ಕೆ ಬರುತ್ತದೆ. 1981ರಲ್ಲಿ ಎಸ್‌ವಿ40 ಎಂಬ ವೈರಸ್ಸಿನಲ್ಲಿ ಇದು ಮೊದಲು ಪತ್ತೆಯಾಯಿತು. ಎರಡು ವರ್ಷದ ಮೇಲೆ ಪ್ರಾಣಿಯ ಸ್ವಂತ ಜೀನ್‌ನಲ್ಲೂ ಸಿಕ್ಕಿತು. ಸಿಕ್ಕಿದ್ದೆಲ್ಲಿ ಗೊತ್ತೆ? ರೋಗನಿರೋಧಕ ಪ್ರತಿಕಾಯ ತಯಾರಿಸುವ ಬಿಳಿ ರಕ್ತಕಣದಲ್ಲಿ. ರಕ್ತಕ್ಕೂ ಎನ್‌ಹ್ಯಾನ್ಸರಿಗೂ ನಂಟು ಹಳೆಯದು. 2007ರ ಹೊತ್ತಿಗೆ ಎಚ್3ರ 4ನೇ ಲೈಸಿನ್‌ಗೆ, ಅಂದರೆ ಎಚ್3ಕೆ4ಗೆ, ಒಂದು ಮಿಥೈಲ್ ಇದ್ದರೆ ಅಲ್ಲಿ ಎನ್‌ಹ್ಯಾನ್ಸರ್ ಇರುವ ಸಂಭವ ಹೆಚ್ಚು ಎಂದು ತಿಳಿಯಿತು. 2010ರ ಸುಮಾರಿಗೆ, ಅದರ ಜೊತೆ ಎಚ್3ಕೆ27ಎಸಿಯೂ ಇದ್ದರೆ ಆ ಎನ್‌ಹ್ಯಾನ್ಸರ್ ಕೆಲಸದಲ್ಲಿದೆ, ಇಲ್ಲದಿದ್ದರೆ ಕಾದು ಕೂತಿದೆ ಎಂಬ ಲೆಕ್ಕಾಚಾರ ಬಂತು. ನಿನ್ನ ಮ್ಯಾನೇಜರು ಕೊಟ್ಟ ಕೆಲಸ ಹುಟ್ಟಿದ್ದು ಅಲ್ಲಿಂದ.

ಲ್ಯುಕೇಮಿಯಾ ಅಂದರೆ ಬಿಳಿ ಕಣ ವಿಪರೀತ ಹೆಚ್ಚುವುದು ಅಂತ ಜನ ತಿಳಿದಿರುತ್ತಾರೆ. ತೀವ್ರ ಬಗೆಯ ಲ್ಯುಕೇಮಿಯಾದಲ್ಲಿ ಅದಕ್ಕಿಂತ ಮುಖ್ಯ ಸಂಗತಿ ಇನ್ನೊಂದು: ಎಳೆಯ ಕೋಶ ಬಲಿಯುವುದೇ ಇಲ್ಲ. ಮಜ್ಜೆಯ ಆಕರಕೋಶದಲ್ಲೂ (ಸ್ಟೆಮ್ ಸೆಲ್) ಅದರಿಂದ ಬಂದ ನ್ಯೂಟ್ರೋಫಿಲ್ ಎಂಬ ಬಲಿತ ಬಿಳಿ ಕಣದಲ್ಲೂ ಡಿಎನ್ಎಯ ಅಕ್ಷರಗಳು ಒಂದೇ. ಕೆಲಸದಲ್ಲಿರುವ ಎನ್‌ಹ್ಯಾನ್ಸರ್‌ಗಳು ಬೇರೆ ಬೇರೆ. ಕೋಶ ಬಲಿಯುತ್ತ ಹೋದಂತೆ ಹಳೆಯವು ಮುಚ್ಚಿ ಹೊಸವು ತೆರೆಯಬೇಕು. ಲ್ಯುಕೇಮಿಯಾದಲ್ಲಿ ಆ ಸರದಿ ಕೆಡುತ್ತದೆ. ಕೋಶ ಎಳೆಯದಾಗಿಯೇ ಉಳಿದು ಮರಿ ಹಾಕುತ್ತ ಹೋಗುತ್ತದೆ.

ಇಷ್ಟು ಗೊತ್ತಾದ ಮೇಲೆ ನನ್ನ ಮಾತಿಗೆ ಬರುತ್ತೇನೆ. ವೈಟ್‌ಫೀಲ್ಡ್ ಕಡೆ ರಸ್ತೆ ಅಗಲ ಮಾಡುತ್ತೇವೆಂದು ಮನೆಗೋಡೆಗಳ ಮೇಲೆ ಕೆಂಪು ಬಣ್ಣದಲ್ಲಿ ಗೆರೆ ಎಳೆದು ಅಳತೆ ಬರೆದು ಹೋಗಿರುತ್ತಾರಲ್ಲ, ನೋಡಿರುತ್ತೀಯ. ಗೆರೆ ಇದೆ ಅಂದರೆ ಯಾರದೋ ಕಣ್ಣು ಅಲ್ಲಿ ಬಿದ್ದಿದೆ ಅಂತ ಅರ್ಥ, ಸುಳ್ಳಲ್ಲ. ಆದರೆ ಗೋಡೆ ಕೆಡವುವುದು ಗೆರೆಯಲ್ಲ, ಜೆಸಿಬಿ. ಗೆರೆ ಮಾಸಿ ಹೋದರೂ ನಿಂತೇ ಇರುವ ಮನೆಗಳಿವೆ. ಗೆರೆಯೇ ಇಲ್ಲದೆ ಬಿದ್ದವೂ ಇವೆ. ಎಚ್3ಕೆ27ಎಸಿ ಆ ಕೆಂಪು ಗೆರೆ ಕಣೇ. ನಿನ್ನ ಪಟ್ಟಿಯಲ್ಲಿರುವ ಸಾವಿರಾರು ಪೀಕ್‌ಗಳು, ಅಂದರೆ ಡೇಟಾ ದಿಬ್ಬದಂತೆ ಏರಿದ ಜಾಗಗಳು, ಬರೀ ಗುರುತುಗಳು. ಇವೇ ಲ್ಯುಕೇಮಿಯಾಕ್ಕೆ ಕಾರಣ ಅಂತ ಬರೆಯುವ ಮೊದಲು ಜೆಸಿಬಿ ಎಲ್ಲಿದೆ ಅಂತ ನೋಡು.

ನೋಡಿದವರು ಹೇಗೆ ನೋಡಿದರು ಅನ್ನುವುದಕ್ಕೆ ಒಂದು ಒಳ್ಳೆಯ ಉದಾಹರಣೆ ಇದೆ. ಜುರ್ಕಾಟ್ ಎಂಬ ಕೋಶಸಾಲನ್ನು ನೀನು ಬೇಗನೇ ಭೇಟಿಯಾಗುತ್ತೀಯ. 1970ರ ದಶಕದಲ್ಲಿ ಟಿ-ಕೋಶದ ಲ್ಯುಕೇಮಿಯಾ ಬಂದಿದ್ದ ಹದಿಹರೆಯದ ಹುಡುಗನೊಬ್ಬನ ರಕ್ತದಿಂದ ಬಂದದ್ದು. ಅದರಲ್ಲಿ ಟಾಲ್1 ಎಂಬ ಜೀನ್ ಇರಬಾರದಷ್ಟು ಜೋರಾಗಿ ನಡೆಯುತ್ತಿತ್ತು. ಜೀನ್‌ನ ಒಳಗೆ ಏನೂ ಕೆಟ್ಟಿರಲಿಲ್ಲ. ಯಾಕೆ ಹೀಗೆ ಅಂತ ವರ್ಷಗಟ್ಟಲೆ ಒಗಟಾಗಿಯೇ ಇತ್ತು. 2014ರಲ್ಲಿ ಉತ್ತರ ಸಿಕ್ಕಿತು. ಜೀನ್‌ಗಿಂತ ಏಳೂವರೆ ಸಾವಿರ ಅಕ್ಷರ ಹಿಂದೆ, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಜಾಗದಲ್ಲಿ, 12 ಅಕ್ಷರಗಳು ಹೊಸದಾಗಿ ಸೇರಿಕೊಂಡಿದ್ದವು. ಆ ಹನ್ನೆರಡರಿಂದ ಮಿಬ್ ಎಂಬ ಪ್ರೋಟೀನ್ ಬಂದು ಕೂರುವುದಕ್ಕೆ ಜಾಗವಾಯಿತು. ಮಿಬ್ ತನ್ನ ಜೊತೆ ಸಿಬಿಪಿಯನ್ನು ಕರೆತಂದಿತು. ಸಿಬಿಪಿ ಸುತ್ತಲಿನ ಹಿಸ್ಟೋನ್‌ಗಳಿಗೆಲ್ಲ ಅಸಿಟೈಲ್ ಬಳಿಯಿತು. ಇಲ್ಲದ ಕಡೆ ಒಂದು ದೊಡ್ಡ ಎನ್‌ಹ್ಯಾನ್ಸರ್ ಎದ್ದು ನಿಂತಿತು. ಇದನ್ನು ಕಂಡುಹಿಡಿದವರು ಅಷ್ಟಕ್ಕೇ ನಿಲ್ಲಲಿಲ್ಲ ಅನ್ನುವುದೇ ಇಲ್ಲಿ ಮುಖ್ಯ. ಅಂಥ ಸೇರ್ಪಡೆ ಇರುವ ಕೋಶಗಳಲ್ಲಿ ಜೀನ್ ಎಡಿಟಿಂಗ್‌ನಿಂದ ಆ ಜಾಗವನ್ನು ಕೆಡಿಸಿದರು. ಟಾಲ್1 ಇಳಿಯಿತು. ಆಮೇಲೆ ಕಾರಣ ಎಂಬ ಮಾತು ಆಡಿದರು.

ಅದೇ ವರ್ಷ ಇನ್ನೊಂದು ಬಗೆಯೂ ಬೆಳಕಿಗೆ ಬಂತು. ಕೆಲವು ಮೈಲಾಯ್ಡ್ ಲ್ಯುಕೇಮಿಯಾಗಳಲ್ಲಿ ಮೂರನೇ ಕ್ರೋಮೋಸೋಮಿನ ಒಂದು ತುಂಡು ಮಗುಚಿಕೊಂಡು, ಗಾಟಾ2 ಜೀನ್‌ನ ಎನ್‌ಹ್ಯಾನ್ಸರ್ ಹೋಗಿ ಇವಿಐ1 ಎಂಬ ಜೀನ್‌ನ ಪಕ್ಕ ಬೀಳುತ್ತದೆ. ಒಂದೇ ಪೆಟ್ಟಿಗೆ ಎರಡು ಹಾನಿ: ಗಾಟಾ2 ತನ್ನ ಎನ್‌ಹ್ಯಾನ್ಸರ್ ಕಳೆದುಕೊಂಡು ಸೊರಗುತ್ತದೆ, ಇವಿಐ1 ಕೊಬ್ಬುತ್ತದೆ. ಕೋಶ ಬೆಳೆಸುವ ಮಿಕ್ ಎಂಬ ಜೀನ್‌ನದು ಮತ್ತೂ ವಿಚಿತ್ರ. ರಕ್ತಕೋಶಗಳಲ್ಲಿ ಅದನ್ನು ನಡೆಸುವ ಎನ್‌ಹ್ಯಾನ್ಸರ್ ಗುಂಪು 17 ಲಕ್ಷ ಅಕ್ಷರಗಳಾಚೆ ಇದೆ! ಹತ್ತಿರದ ಜೀನ್‌ಗೆ ಹತ್ತಿರದ ಪೀಕ್ ಅಂತ ತಂತ್ರಾಂಶ ಜೋಡಿಸಿ ಕೊಟ್ಟದ್ದನ್ನು ಕಣ್ಣುಮುಚ್ಚಿ ನಂಬಿದರೆ ಇಂಥದ್ದು ಕೈತಪ್ಪಿ ಹೋಗುತ್ತದೆ.

ಈಗ ಉಲ್ಟಾ ಸಾಕ್ಷಿಗೆ ಬಾ. ಎನ್‌ಹ್ಯಾನ್ಸರ್ ಮೇಲಿನ ಎಚ್3ಕೆ4 ಮಿಥೈಲ್ ಗುರುತು ಹಾಕುವ ಕಿಣ್ವಗಳಿವೆ. 2017ರಲ್ಲಿ ಇಲಿಯ ಭ್ರೂಣದ ಆಕರಕೋಶಗಳಲ್ಲಿ ಆ ಕಿಣ್ವಗಳನ್ನು ಉಳಿಸಿಕೊಂಡು, ಅವುಗಳ ಗುರುತು ಹಾಕುವ ಶಕ್ತಿಯನ್ನಷ್ಟೇ ಕಿತ್ತುಹಾಕಿ ನೋಡಿದರು. ಜೀನ್‌ಗಳು ಬಹುಮಟ್ಟಿಗೆ ಮೊದಲಿನಂತೆಯೇ ನಡೆದವು. ಕಿಣ್ವವನ್ನೇ ತೆಗೆದಾಗ ಮಾತ್ರ ಏಟು ಬಿತ್ತು. 2020ರಲ್ಲಿ ಅದೇ ಬಗೆಯ ಕೋಶಗಳಲ್ಲಿ 27ನೇ ಲೈಸಿನ್ ಅಸಿಟೈಲ್ ಆಗಲಾರದಂತೆ ಮಾಡಿದರು. ಎನ್‌ಹ್ಯಾನ್ಸರ್‌ಗಳು ತಮ್ಮ ಕೆಲಸ ಬಿಡಲಿಲ್ಲ. ಹಾಗಂತ ಗುರುತಿಗೆ ಬೆಲೆಯೇ ಇಲ್ಲ ಅಂದುಕೊಳ್ಳಬೇಡ. 2015ರಲ್ಲಿ ಜೀನ್ ಎಡಿಟಿಂಗ್‌ನ ಕತ್ತರಿಯಾದ ಕ್ಯಾಸ್9ನ್ನು ಕತ್ತರಿಸಲಾರದಂತೆ ಮಾಡಿ, ಅದಕ್ಕೆ ಪಿ300ನ ತುಂಡು ಕಟ್ಟಿ, ಆರಿಸಿದ ಎನ್‌ಹ್ಯಾನ್ಸರಿಗೆ ಕಳಿಸಿ ಅಸಿಟೈಲ್ ಬಳಿಸಿದಾಗ ದೂರದ ಜೀನ್ ಎದ್ದಿತು. ಎರಡೂ ನಿಜ. ಪಿ300 ಬರೀ 27ನೇ ಲೈಸಿನ್ ಒಂದಕ್ಕೇ ಅಂಟಿಸುವುದಿಲ್ಲ, ಬೇರೆ ಲೈಸಿನ್‌ಗಳಿಗೂ, ಹಿಸ್ಟೋನ್ ಅಲ್ಲದ ಪ್ರೋಟೀನುಗಳಿಗೂ ಅಂಟಿಸುತ್ತದೆ. ನಾವು ಒಂದು ಗುರುತನ್ನು ಅಳೆಯುತ್ತೇವೆ, ಯಾಕೆಂದರೆ ಅದನ್ನು ಹಿಡಿಯುವ ಒಳ್ಳೆಯ ಆ್ಯಂಟಿಬಾಡಿ ಸಿಗುತ್ತದೆ. ಕೋಶಕ್ಕೆ ಅದೊಂದೇ ಮುಖ್ಯ ಅಂತೇನಲ್ಲ.

ನಮ್ಮ ಊರಿನದೇ ಒಂದು ನಿದರ್ಶನ ಇದಕ್ಕೆ ಹೊಂದುತ್ತದೆ. ಎಲ್‌ಎಸ್‌ಡಿ1 ಎಂಬ ಕಿಣ್ವ ಎಚ್3ಕೆ4ರ ಮಿಥೈಲ್ ಅಳಿಸುತ್ತದೆ, 2004ರಲ್ಲಿ ಪತ್ತೆಯಾದದ್ದು. ಪೀಣ್ಯಕ್ಕೆ ಹೋಗುವ ದಾರಿಯಲ್ಲಿ, ಯಶವಂತಪುರದ ಕೈಗಾರಿಕಾ ಉಪನಗರದಲ್ಲಿರುವ ಜುಬಿಲಂಟ್ ಬಯೋಸಿಸ್‌ನ ವಿಜ್ಞಾನಿಗಳು ಎಲ್‌ಎಸ್‌ಡಿ1 ಮತ್ತು ಎಚ್‌ಡಿಎಸಿ6 ಎರಡನ್ನೂ ಒಟ್ಟಿಗೆ ತಡೆಯುವ ಜೆಬಿಐ-802 ಎಂಬ ಅಣುವನ್ನು ರೂಪಿಸಿದರು. ಅದು ಮನುಷ್ಯರ ಮೇಲಿನ ಪ್ರಯೋಗದ ತನಕ ಹೋಗಿದೆ. ಎಲ್‌ಎಸ್‌ಡಿ1 ತಡೆದರೆ ಲ್ಯುಕೇಮಿಯಾ ಕೋಶ ಬಲಿಯತೊಡಗುತ್ತದೆ ಎನ್ನುವುದು ಹಲವು ಲ್ಯಾಬುಗಳಲ್ಲಿ ಕಂಡ ಸಂಗತಿ. ಅಳಿಸುವುದು ನಿಂತಿತು, ಗುರುತು ಹೆಚ್ಚಿತು, ಕೋಶ ಬಲಿಯಿತು ಅಂತ ಎಲ್ಲರೂ ಅಂದುಕೊಂಡಿದ್ದರು. 2018ರಲ್ಲಿ ಮ್ಯಾಂಚೆಸ್ಟರಿನವರು ಬಿಡಿಸಿ ನೋಡಿದರೆ ಬೇರೆಯೇ ಕಂಡಿತು. ಅವರು ನೋಡಿದ ಮೈಲಾಯ್ಡ್ ಲ್ಯುಕೇಮಿಯಾ ಕೋಶಗಳಲ್ಲಿ ಔಷಧಿ ಮಾಡಿದ ಮುಖ್ಯ ಕೆಲಸ ಎಲ್‌ಎಸ್‌ಡಿ1ನ್ನು ಜಿಎಫ್‌ಐ1 ಎಂಬ ಪ್ರೋಟೀನಿನ ಸಂಗದಿಂದ ಬಿಡಿಸಿದ್ದು. ಅದು ಕದಲಿದ ಮೇಲೆ ಮುಚ್ಚಿದ್ದ ಎನ್‌ಹ್ಯಾನ್ಸರ್‌ಗಳು ತೆರೆದುಕೊಂಡವು. ಔಷಧಿ ಹಿಡಿಸಿತು, ನಾವು ಕೊಟ್ಟುಕೊಂಡಿದ್ದ ಕಾರಣ ಮಾತ್ರ ಸರಿ ಇರಲಿಲ್ಲ.

ಇನ್ನು ನಿನ್ನ ದಿನನಿತ್ಯದ ಕೆಲಸಕ್ಕೆ ಬರೋಣ. ಬೆಂಚಿನಲ್ಲಿ ಏನು ನಡೆದಿರುತ್ತದೆಂದು ಒಮ್ಮೆಯಾದರೂ ನಿಂತು ನೋಡು. ಫಾರ್ಮಲ್ಡಿಹೈಡ್ ಹಾಕಿ ಪ್ರೋಟೀನು-ಡಿಎನ್ಎ ಬೆಸೆಯುತ್ತಾರೆ. ಶಬ್ದತರಂಗದಿಂದ ಡಿಎನ್ಎಯನ್ನು ಕೆಲವು ನೂರು ಅಕ್ಷರಗಳ ತುಂಡು ಮಾಡುತ್ತಾರೆ. ಆ್ಯಂಟಿಬಾಡಿ ಹಾಕಿ, ಗುರುತು ಇರುವ ತುಂಡುಗಳನ್ನು ಮಣಿಗಳ ಮೇಲೆ ಹಿಡಿದು ತೊಳೆದು, ಬೆಸುಗೆ ಬಿಡಿಸಿ ಸೀಕ್ವೆನ್ಸಿಂಗ್‌ಗೆ ಕಳಿಸುತ್ತಾರೆ. ನಿನಗೆ ಬರುವ ಫಾಸ್ಟ್‌ಕ್ಯೂ ಫೈಲು ಇಷ್ಟೆಲ್ಲ ಕೈ ದಾಟಿ ಬಂದದ್ದು.

ಆ ಆ್ಯಂಟಿಬಾಡಿಯ ಮೇಲೆ ಒಂದು ಕಣ್ಣಿರಲಿ. ಎಚ್3 ಬಾಲದಲ್ಲಿ 9ನೇ ಲೈಸಿನ್‌ನ ಅಕ್ಕಪಕ್ಕವೂ 27ನೇ ಲೈಸಿನ್‌ನ ಅಕ್ಕಪಕ್ಕವೂ ಒಂದೇ ಸಾಲು: ಅಲನಿನ್, ಆರ್ಜಿನಿನ್, ಲೈಸಿನ್, ಸೆರಿನ್. ಅಂದಮೇಲೆ ಕಳಪೆ ಆ್ಯಂಟಿಬಾಡಿ ಒಂದನ್ನು ಹಿಡಿ ಅಂದರೆ ಇನ್ನೊಂದನ್ನೂ ಹಿಡಿದು ತರುತ್ತದೆ. ಯಾವ ಕಂಪನಿ, ಯಾವ ಲಾಟ್ ನಂಬರು ಅಂತ ಕೇಳಿ ಬರೆದಿಟ್ಟುಕೋ. ಹೊಸಬಳು ಇಷ್ಟೆಲ್ಲ ಕೇಳುತ್ತಾಳಲ್ಲ ಅಂತ ಮುಖ ಸಿಂಡರಿಸುವವರು ಸಿಂಡರಿಸಲಿ.

ಆ್ಯಂಟಿಬಾಡಿ ಹಾಕದ ತುಂಡುಗಳಿಂದ ಬಂದ ಇನ್‌ಪುಟ್ ಫೈಲನ್ನು ಯಾವತ್ತೂ ಬಿಡಬೇಡ. ಎಚ್‌ಎಲ್-60 ಎಂಬ ಕೋಶಸಾಲಿನಲ್ಲಿ ಮಿಕ್ ಜೀನ್‌ನ ಪ್ರತಿಗಳೇ ಹಲವು ಪಟ್ಟು ಹೆಚ್ಚು. ಇದು 1980ರ ದಶಕದ ಆರಂಭದಿಂದಲೇ ಗೊತ್ತಿರುವ ವಿಷಯ. ಪ್ರತಿ ಹೆಚ್ಚಿದ್ದರೆ ಅಲ್ಲಿಂದ ಬರುವ ತುಂಡುಗಳೂ ಹೆಚ್ಚು. ಡೇಟಾ ತೋರಿಸುವ ಐಜಿವಿ ತಂತ್ರಾಂಶದಲ್ಲಿ ತೆರೆದರೆ ಮಿಕ್ ಸುತ್ತ ಗೋಪುರದಂಥ ಪೀಕ್ ಕಾಣುತ್ತದೆ. ನೋಡಿದವರಿಗೆ ಆಹಾ ಎನ್‌ಹ್ಯಾನ್ಸರ್ ಅನ್ನಿಸುತ್ತದೆ. ಇನ್‌ಪುಟ್ ಟ್ರ್ಯಾಕನ್ನು ಕೆಳಗೆ ಹಾಕಿ ನೋಡು, ಅಲ್ಲೂ ಅದೇ ದಿಬ್ಬ ಇರುತ್ತದೆ. ಆ ದಿಬ್ಬ ಕಳೆದು ಉಳಿದದ್ದಷ್ಟೇ ಲೆಕ್ಕ. ಅಂದಹಾಗೆ ಈ ಎಚ್‌ಎಲ್-60ಯನ್ನು ಬಹಳ ಕಾಲ ಪ್ರೊಮೈಲೋಸೈಟಿಕ್ ಲ್ಯುಕೇಮಿಯಾದ್ದು ಅಂತಲೇ ಕರೆದರು. ಆ ರೋಗದ ಹೆಗ್ಗುರುತಾದ 15-17 ಕ್ರೋಮೋಸೋಮುಗಳ ಅದಲುಬದಲು ಅದರಲ್ಲಿ ಇಲ್ಲವೇ ಇಲ್ಲ. ಟ್ಯೂಬಿನ ಮೇಲೆ ಬರೆದ ಹೆಸರನ್ನು ನಂಬುವ ಮುನ್ನ ಕೋಶದ ಗುರುತುಪತ್ರ ಕೇಳು.

ಎಚ್‌ಡಿಎಸಿ ತಡೆಯುವ ಔಷಧಿ ಹಾಕಿದ ಕೋಶಗಳ ಡೇಟಾ ಬಂದರೆ ಮತ್ತೊಂದು ತೊಡಕು. ಕೋಶದ ಉದ್ದಗಲಕ್ಕೂ ಅಸಿಟೈಲ್ ಏರಿರುತ್ತದೆ. ನೀನು ಎರಡು ಮಾದರಿಯನ್ನೂ ಹತ್ತು ಲಕ್ಷ ರೀಡುಗಳಿಗೆ ಇಷ್ಟು ಅಂತ ಸಮ ಮಾಡಿದೆಯೋ, ಆ ಏರಿಕೆಯೇ ಮಂಗಮಾಯ. ಮೊದಲೇ ನೊಣದ ಕ್ರೊಮ್ಯಾಟಿನ್ (ಹಿಸ್ಟೋನ್ ಸಮೇತದ ಡಿಎನ್ಎ) ಒಂದಿಷ್ಟು ಬೆರೆಸಿಟ್ಟಿದ್ದರೆ ಅದನ್ನು ಅಳತೆಗೋಲು ಮಾಡಿಕೊಳ್ಳಬಹುದು. ಬೆರೆಸಿಲ್ಲ ಅಂದರೆ, "ಈ ಡೇಟಾದಿಂದ ಒಟ್ಟು ಏರಿಳಿತ ಹೇಳಲಾಗದು" ಅಂತ ಸ್ಪಷ್ಟವಾಗಿ ಬರೆ. ಸೂಪರ್ ಎನ್‌ಹ್ಯಾನ್ಸರ್ ಎಂಬ ಮಾತನ್ನೂ ಪೂರ್ತಿ ನಂಬಿಬಿಡಬೇಡ. 2013ರಿಂದ ಎಲ್ಲರ ಬಾಯಲ್ಲೂ ಅದೇ. ಅದನ್ನು ಗುರುತಿಸುವ ತಂತ್ರಾಂಶ 12,500 ಅಕ್ಷರದೊಳಗಿನ ಪೀಕ್‌ಗಳನ್ನೆಲ್ಲ ಹೊಲಿದು ಒಂದು ಮಾಡುತ್ತದೆ. ಆ ಸಂಖ್ಯೆ ಕೋಶ ಹೇಳಿಕೊಟ್ಟದ್ದಲ್ಲ, ಮನುಷ್ಯರು ಆರಿಸಿಕೊಂಡದ್ದು.

ಇನ್ನೊಂದು ವಿಷಯ ಇದೆ. ಅದನ್ನು ನೆಂಟರ ಮದುವೆಮನೆಯಲ್ಲಿ ನೀನು ಎದುರಿಸಲೇಬೇಕಾಗುತ್ತದೆ. ನಮ್ಮ ಜಕ್ಕೂರಿನ ಜೆಎನ್‌ಸಿಎಎಸ್‌ಆರ್‌ನಲ್ಲಿ ತಪಸ್ ಕುಂಡು ಅವರ ಲ್ಯಾಬು ಪಿ300 ಮೇಲೆ ದೊಡ್ಡ ಕೆಲಸ ಮಾಡಿತು. ಮೈಸೂರಿನವರೇ ಆದ ಎಂ.ಆರ್.ಎಸ್. ರಾವ್ ಆ ಸಂಸ್ಥೆಯ ಅಧ್ಯಕ್ಷರಾಗಿದ್ದ ಕಾಲ ಅದು. ಕ್ರೊಮ್ಯಾಟಿನ್ ಅಂದರೆ ಇಲ್ಲಿ ಯಾರೂ ತಿರುಗಿ ನೋಡದಿದ್ದ ದಿನಗಳಲ್ಲಿ ಐಐಎಸ್‌ಸಿಯಲ್ಲಿ ಕೂತು ಹಿಸ್ಟೋನ್ ಅಧ್ಯಯನ ಮಾಡಿದವರು ರಾವ್. 2023ರಲ್ಲಿ ತೀರಿಕೊಂಡರು. ಕುಂಡು ಅವರ ತಂಡ ಪಿ300ನ್ನು ತಡೆಯುವ ಅಣುಗಳನ್ನು ಹುಡುಕಿದ್ದು ಎಲ್ಲಿ ಅಂತೀಯ? 2003ರಲ್ಲಿ ಗೇರುಬೀಜದ ಚಿಪ್ಪಿನ ಎಣ್ಣೆಯ ಅನಾಕಾರ್ಡಿಕ್ ಆಮ್ಲ. 2004ರಲ್ಲಿ ಅರಿಸಿನದ ಕರ್ಕ್ಯುಮಿನ್. ಅದೇ ವರ್ಷ ಮುರುಗಲು ಹಣ್ಣಿನ ಸಿಪ್ಪೆಯ ಗಾರ್ಸಿನಾಲ್. ಕರಾವಳಿಯವರು ಪುನರ್ಪುಳಿ ಅಂತಾರಲ್ಲ, ಬೇಸಿಗೆಯಲ್ಲಿ ಶರಬತ್ತು ಮಾಡುವ ಅದೇ ಹಣ್ಣು. ಪಿ300ಗೆ ಅಣುಗಳ ಮೂಲಕ ಕಡಿವಾಣ ಹಾಕಬಹುದು ಎಂದು ತೋರಿಸಿದ ಆರಂಭದ ಕೆಲಸಗಳಲ್ಲಿ ಇವು ಬರುತ್ತವೆ. ಜಗತ್ತಿನ ಲ್ಯಾಬುಗಳು ಇವನ್ನು ಸಲಕರಣೆಯಾಗಿ ಬಳಸಿದವು. ಹೆಮ್ಮೆಪಡುವ ಮಾತೇ.

ಆದರೆ ಆ ಹೆಮ್ಮೆ ವಾಟ್ಸಾಪಿಗೆ ಹೋದಾಗ ಏನಾಗುತ್ತದೆಂದು ನಿನಗೂ ಗೊತ್ತು. "ಅರಿಸಿನದ ಹಾಲು ಕುಡಿದರೆ ರಕ್ತದ ಕ್ಯಾನ್ಸರ್ ವಾಸಿ, ಬೆಂಗಳೂರಿನ ವಿಜ್ಞಾನಿಗಳೇ ಹೇಳಿದ್ದಾರೆ" ಅನ್ನುವ ಮೆಸೇಜು. ವಿಜ್ಞಾನಿಗಳು ಹೇಳಿದ್ದು ಲ್ಯಾಬಿನ ಕಿಣ್ವದ ಬಗ್ಗೆ, ಕೋಶಗಳ ಬಗ್ಗೆ. ಅರಿಸಿನದಲ್ಲಿ ಕರ್ಕ್ಯುಮಿನ್ ಇರುವುದೇ ನೂರಕ್ಕೆ ಕೆಲವು ಪಾಲು. ತಿಂದದ್ದರಲ್ಲಿ ರಕ್ತಕ್ಕೆ ಸೇರುವುದು ತೀರಾ ಅತ್ಯಲ್ಪ. ಮೇಲಾಗಿ ಕರ್ಕ್ಯುಮಿನ್ ಪರೀಕ್ಷೆಗಳನ್ನೇ ದಾರಿ ತಪ್ಪಿಸುವ ಅಣು, ಪರೀಕ್ಷಿಸಿದ ಹೆಚ್ಚುಕಡಿಮೆ ಎಲ್ಲದರ ಮೇಲೂ ಪರಿಣಾಮ ಇದ್ದಂತೆ ತೋರಿಸುತ್ತದೆ ಎಂದು 2017ರಲ್ಲಿ ಔಷಧ ರಸಾಯನಶಾಸ್ತ್ರಜ್ಞರು ವಿವರವಾಗಿ ಬರೆದು ಎಚ್ಚರಿಸಿದ್ದಾರೆ. ಕೀಮೋ ನಡುವೆ ಡಾಕ್ಟರಿಗೆ ಹೇಳದೆ ಇಂಥ ಮಾತ್ರೆ, ಸಾರ ತೆಗೆದುಕೊಳ್ಳುವುದು ಅಪಾಯ ಕೂಡ. ಯಾರಾದರೂ "ನೀನು ಅದೇ ಲೈನಿನಲ್ಲಿ ಇದ್ದೀಯಲ್ಲ, ನಿಜವಾ?" ಅಂತ ಕೇಳಿದರೆ ನಕ್ಕು ಜಾರಿಕೊಳ್ಳಬೇಡ. ಪ್ರೀತಿಯಿಂದ, ನೇರವಾಗಿ ಇಲ್ಲ ಅನ್ನು. ಸಾರಿಗೆ ಹಾಕುವ ಅರಿಸಿನಕ್ಕೆ ಯಾರ ತಕರಾರೂ ಇಲ್ಲ.

ಹಾಗಾದರೆ ಲ್ಯಾಬಿನಿಂದ ಹಾಸಿಗೆಯ ತನಕ ಬಂದದ್ದು ಏನೂ ಇಲ್ಲವೇ ಅಂತ ಕೇಳುತ್ತೀಯ. ಇದೆ. ಪ್ರೊಮೈಲೋಸೈಟಿಕ್ ಲ್ಯುಕೇಮಿಯಾದಲ್ಲಿ ಎರಡು ಜೀನ್ ಬೆಸೆದು ಹುಟ್ಟಿದ ಪ್ರೋಟೀನೊಂದು ಡಿಎನ್ಎ ಮೇಲೆ ಕೂತು, ಅಸಿಟೈಲ್ ಕೀಳುವ ಕಿಣ್ವಗಳನ್ನು ಕರೆಸಿಕೊಂಡು, ಬಲಿಯುವ ದಾರಿಯ ಎನ್‌ಹ್ಯಾನ್ಸರ್‌ಗಳನ್ನು ಮುಚ್ಚಿಸುತ್ತದೆ. ವಿಟಮಿನ್ ಎ ಬಳಗದ ರೆಟಿನಾಯಿಕ್ ಆಮ್ಲ ಆ ಹಿಡಿತ ಸಡಿಲಿಸುತ್ತದೆ. ಆರ್ಸೆನಿಕ್ ಆ ಪ್ರೋಟೀನನ್ನೇ ನಾಶಮಾಡುತ್ತದೆ. ಕೋಶ ಬಲಿಯುತ್ತದೆ, ರೋಗ ಕರಗುತ್ತದೆ. ನಮ್ಮ ಪಕ್ಕದ ವೆಲ್ಲೂರಿನ ಸಿಎಂಸಿಯವರು 1998ರಿಂದ 2004ರವರೆಗೆ ಹೊಸದಾಗಿ ರೋಗ ಪತ್ತೆಯಾದ 72 ಮಂದಿಗೆ ಆರ್ಸೆನಿಕ್ ಒಂದನ್ನೇ ಕೊಟ್ಟರು. ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿಯಲ್ಲಿ ರೋಗ ಹಿಂದಕ್ಕೆ ಸರಿಯಿತು. ದುಬಾರಿ ಔಷಧಿ ಕೊಳ್ಳಲಾಗದವರ ನಾಡಿನಲ್ಲಿ ಅದು ಸಣ್ಣ ಮಾತಲ್ಲ. 2024ರ ನವೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ರೆವುಮೆನಿಬ್ ಕೂಡ ಈ ಸಾಲಿನದೇ. ಕೆಎಂಟಿ2ಎ ಎಂಬ ಹಿಸ್ಟೋನ್ ಕಿಣ್ವದ ಜೀನ್ ಮುರಿದು ಬೇರೊಂದಕ್ಕೆ ಅಂಟಿದ ಲ್ಯುಕೇಮಿಯಾದಲ್ಲಿ, ಅದನ್ನು ಮೆನಿನ್ ಎಂಬ ಜೊತೆಗಾರನಿಂದ ಬಿಡಿಸುತ್ತದೆ. ಒಂದು ವರ್ಷ ತುಂಬದ ಕೂಸುಗಳಿಗೆ ಬರುವ ಲ್ಯುಕೇಮಿಯಾದಲ್ಲಿ ಬಹುಪಾಲು ಈ ಬಗೆಯದು. ಎರಡರಲ್ಲೂ ಔಷಧಿ ಹಿಡಿದದ್ದು ಗುರುತು ಹಾಕಿಸುವ ಕೈಯನ್ನು, ಗುರುತನ್ನಲ್ಲ. ಗುರುತು ಓದುವ ಬಿಆರ್‌ಡಿ4 ತಡೆದರೆ ಮೈಲಾಯ್ಡ್ ಲ್ಯುಕೇಮಿಯಾ ಕೋಶಗಳಲ್ಲಿ ಮಿಕ್ ಕುಸಿಯುತ್ತದೆ ಎಂದು 2011ರಲ್ಲೇ ತೋರಿಸಿದರು, ಬಹಳ ಆಸೆ ಹುಟ್ಟಿತ್ತು. ರೋಗಿಗಳಿಗೆ ಕೊಟ್ಟಾಗ ಪ್ಲೇಟ್‌ಲೆಟ್ ಇಳಿದುಹೋಗಿ ಡೋಸು ಏರಿಸಲಾಗಲಿಲ್ಲ. ಆರೋಗ್ಯವಂತ ಕೋಶಕ್ಕೂ ಬಿಆರ್‌ಡಿ4 ಬೇಕಲ್ಲ!

ಅಡ್ಡಮಾತೊಂದು. ಪೀಣ್ಯದಲ್ಲಿ ಪೇಂಟಿಂಗ್ ಬೂತಿನಲ್ಲಿ ಕೆಲಸ ಮಾಡುವ ನಿನ್ನ ಚಿಕ್ಕಪ್ಪನ ಮಗನಿಗೆ ಒಂದು ವಿಷಯ ಹೇಳು. ಮೈಲಾಯ್ಡ್ ಲ್ಯುಕೇಮಿಯಾಕ್ಕೆ ಖಚಿತವಾಗಿ ಗೊತ್ತಿರುವ ಹೊರಗಿನ ಕಾರಣಗಳಲ್ಲಿ ಬೆಂಜೀನ್ ಒಂದು. ಕಳಪೆ ಥಿನ್ನರ್, ಅಂಟುಗಳಲ್ಲಿ ಅದು ಬೆರೆತಿರಬಹುದು. ಬೆಂಜೀನ್ ವಿಷಬಾಧೆ ಕಾನೂನಿನಂತೆ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಪಟ್ಟಿಯಲ್ಲಿದೆ. ಥಿನ್ನರಿನಲ್ಲಿ ಕೈ ತೊಳೆಯುವ ಚಾಳಿ ಬಿಡಲಿ, ಫ್ಯಾನು ಕೆಟ್ಟರೆ ಸೂಪರ್‌ವೈಸರನ್ನು ಕೇಳಲಿ. ಇದಕ್ಕೆ ಯಾವ ಸೀಕ್ವೆನ್ಸಿಂಗೂ ಬೇಡ.

ನಿನ್ನ ಫೈಲುಗಳಲ್ಲಿ ಕೆಲವು ಕೋಶಸಾಲುಗಳಿಂದಲ್ಲ, ರೋಗಿಗಳಿಂದಲೇ ಬಂದಿರುತ್ತವೆ. ಸೊಂಟದ ಮೂಳೆಗೆ ಸೂಜಿ ಚುಚ್ಚಿ ತೆಗೆದ ಮಜ್ಜೆ ಅದು. ಹೆಸರಿನ ಬದಲು ನಂಬರಿರುತ್ತದೆ. ಆ ನಂಬರಿನ ಹಿಂದೆ ಯಾರಿದ್ದಾರೆಂದು ಕುತೂಹಲಕ್ಕೂ ಕೆದಕಬೇಡ, ಪೆನ್‌ಡ್ರೈವಿನಲ್ಲಿ ಮನೆಗೆ ತರಬೇಡ. ಒಂದು ಮಾದರಿಯ ಗುಣಮಟ್ಟ ಚೆನ್ನಾಗಿಲ್ಲ ಅಂತ ಬಿಸಾಡುವ ಮುಂಚೆ ಎರಡು ಸಲ ನೋಡು, ಮತ್ತೆ ಚುಚ್ಚಿಸಿಕೊಳ್ಳುವುದಕ್ಕೆ ಆ ಮನುಷ್ಯ ಇರಲಿಕ್ಕಿಲ್ಲ. ಹೀಗೆಂದ ಮಾತ್ರಕ್ಕೆ ಕೆಟ್ಟ ಡೇಟಾವನ್ನು ಕರುಣೆಯಿಂದ ಒಳಕ್ಕೆ ಸೇರಿಸಬೇಡ.

ರಿಪೋರ್ಟಿನ ಕೊನೆಯ ಪುಟದಲ್ಲಿ ಬಾಸು "ಚಿಕಿತ್ಸೆಯ ಗುರಿ" ಅಂತ ಬರೆ ಅಂದಾಗ, ಆ ಎನ್‌ಹ್ಯಾನ್ಸರನ್ನು ಯಾರಾದರೂ ಅಳಿಸಿ ನೋಡಿದ್ದಾರಾ ಅಂತ ಕೇಳು. ನೋಡಿಲ್ಲ ಅಂದರೆ "ಪರೀಕ್ಷಿಸಬೇಕಾದ ಜಾಗ" ಅಂತ ಬರೆ. ಮೊದಲ ವರ್ಷ ಇದರಿಂದ ನಿನ್ನ ಅಪ್ರೈಸಲ್‌ಗೆ ಲಾಭವೇನೂ ಆಗಲಿಕ್ಕಿಲ್ಲ.

ಕೊನೆಯದಾಗಿ ಒಂದು ಕೆಲಸ ಹಚ್ಚುತ್ತೇನೆ. ನಿನ್ನ ಪಟ್ಟಿಯಿಂದ ಔಷಧಿ ಬರುವುದಾದರೂ ವರ್ಷಗಳು ಹಿಡಿಯುತ್ತವೆ. ಕೀಮೋ ನಡೆಯುತ್ತಿರುವವರಿಗೆ ಪ್ಲೇಟ್‌ಲೆಟ್ ಇವತ್ತೇ ಬೇಕು, ಅದನ್ನು ತೆಗೆದಿಟ್ಟರೆ ಉಳಿಯುವುದು ಸುಮಾರು ಐದು ದಿನ ಮಾತ್ರ. ಕಿದ್ವಾಯಿ ಆಸ್ಪತ್ರೆಯೂ ಬೊಮ್ಮಸಂದ್ರವೂ ನೀನು ಓಡಾಡುವ ಹೊಸೂರು ರಸ್ತೆಯ ಮೇಲೆಯೇ ಇವೆ. ಶನಿವಾರ ಟೀಮಿನ ನಾಲ್ಕು ಜನರನ್ನು ಕರೆದುಕೊಂಡು ಹೋಗಿ ಪ್ಲೇಟ್‌ಲೆಟ್ ದಾನಿಗಳ ಪಟ್ಟಿಯಲ್ಲಿ ಹೆಸರು ಬರೆಸು. ಹಾಗೆಯೇ ಕೆನ್ನೆಯ ಒಳಗಿನ ಸ್ವ್ಯಾಬ್ ಕೊಟ್ಟು ಆಕರಕೋಶ ದಾನಿಗಳ ನೋಂದಣಿಯಲ್ಲೂ ಸೇರಿಕೊಳ್ಳಿ. ಹೋಗುವ ಮೊದಲು ಹೊಟ್ಟೆ ತುಂಬ ತಿಂದಿರಿ, ಆಸ್ಪಿರಿನ್ ನುಂಗಿದ್ದರೆ ಅಲ್ಲಿಯವರಿಗೆ ಮುಂಚೆಯೇ ಹೇಳಿ.

ನಿನ್ನ ದೊಡ್ಡಮ್ಮ